ಮಾವ ಫೈಟು ಬಿಟ್ಟಿದ್ದು

ನಮ್ಮ ಸೋದರಮಾವ ತಮ್ಮ ಜೀವಮಾನದಲ್ಲಿ ಯಾವ ಬಾಗಿಲನ್ನೂ ಕೈಯಿಂದ ತೆರೆದವರಲ್ಲ ಎಂದರೆ ನೀವು ನಂಬುವುದಿಲ್ಲ. ಬೇಕಾದರೆ ದೊಡ್ಡಬಳ್ಳಾಪುರದ ಅವರ ಮನೆಗೆ ಹೋಗಿ ನೋಡಿ. ಕೋಣೆಗಳಿಗೆಲ್ಲ ಪರದೆಗಳೇ ಇವೆ. ಇದ್ದ ಬಾಗಿಲುಗಳು ಒಂದೊಂದಾಗಿ ಅವರ ಬಲಗಾಲಿಗೆ ಬಲಿಯಾದ ಮೇಲೆ ನಮ್ಮತ್ತೆ ಬಡಗಿಯನ್ನು ಕರೆಸುವುದನ್ನೇ ನಿಲ್ಲಿಸಿಬಿಟ್ಟರು. ಬಚ್ಚಲಮನೆಗೆ ಮಾತ್ರ ಒಂದು ತಗಡಿನ ಬಾಗಿಲಿದೆ. ಒಳಗಿದ್ದವರು ಜೋರಾಗಿ ಹಾಡು ಹೇಳುತ್ತಿರಬೇಕು, ಇಲ್ಲವಾದರೆ ಅದಕ್ಕೂ ಒದೆ ಖಂಡಿತ. ಹಾಡು ಬರದ ನಮ್ಮ ಯಜಮಾನರು ಅಲ್ಲಿ ಸ್ನಾನ ಮಾಡುವಾಗ ಹದಿಮೂರರ ಮಗ್ಗಿ ಹೇಳುತ್ತಾರೆ!

ಇದನ್ನು ದುರಭ್ಯಾಸ ಎನ್ನಬೇಡಿ, ಕಸುಬಿನ ಗುಣ. ನಮ್ಮ ಮಾವ ಸಿನಿಮಾ ಹೀರೋ. ತಾತನ ಮನೆಯಲ್ಲಿ ಪವರ್‌ಲೂಮುಗಳಿದ್ದವು. ಮಗ ಸೀರೆ ನೇಯಿಸಿಕೊಂಡು ತಣ್ಣಗಿರಲಿ ಎಂದು ಅವರ ಆಸೆ. ಆದರೆ ಮಾವ, ಊರಿಗೆ ಬಂದ ಕರಾಟೆ ಮೇಷ್ಟ್ರ ಹಿಂದೆ ಹೋದರು. ಮೊದಲು ಖಳನಾಯಕನ ಬೆನ್ನ ಹಿಂದೆ ನಿಲ್ಲುವ ಗುಂಪಿನಲ್ಲೊಬ್ಬರಾದರು, ಆಮೇಲೆ ಆ ಗುಂಪನ್ನೇ ಒದ್ದು ಬೀಳಿಸುವ ನಾಯಕರಾದರು. ಅವರ ಚಿತ್ರ ಬಂದ ವಾರ ನಮ್ಮೂರಿನ ಮಗ್ಗಗಳು ಮಧ್ಯಾಹ್ನ ಇದ್ದಕ್ಕಿದ್ದಂತೆ ನಿಲ್ಲುತ್ತಿದ್ದವು. ಕರೆಂಟು ಹೋಯಿತೇನೋ ಎಂದು ಮಾಲೀಕರು ಹೊರಗೆ ಬಂದು ನೋಡಿದರೆ, ಹೋಗಿದ್ದದ್ದು ಕೆಲಸಗಾರರು. ಎಲ್ಲರೂ ಥಿಯೇಟರಿನಲ್ಲಿ!

ಎಷ್ಟೇ ಎತ್ತರದಿಂದ ಬೀಳಬೇಕಾದರೂ ಮಾವನೇ ಬೀಳುತ್ತಿದ್ದರು. ಡೂಪ್ ಎಂಬ ಮಾತು ಕಿವಿಗೆ ಬಿದ್ದರೆ ಊಟ ಬಿಟ್ಟು ಏಳುತ್ತಿದ್ದರು. ನನ್ನ ಮದುವೆಯಲ್ಲಿ ಗಂಡಿನ ಕಡೆಯವರೊಬ್ಬರು, ಸಿನಿಮಾದಲ್ಲಿ ಒಡೆಯುವ ಹೆಂಚುಗಳೆಲ್ಲ ಥರ್ಮೋಕೋಲಿನವಂತೆ ಹೌದೇ ಎಂದು ನಗುತ್ತ ಕೇಳಿದರು. ಮಾವ ರೇಷ್ಮೆ ಪಂಚೆಯನ್ನು ಎತ್ತಿ ಕಟ್ಟಿ, ಕಲ್ಯಾಣ ಮಂಟಪದ ಹಿಂದೆ ಜೋಡಿಸಿಟ್ಟಿದ್ದ ಹೆಂಚುಗಳ ಮುಂದೆ ನಿಂತರು. ಧಾರೆಯ ಹೊತ್ತಿಗೆ ವಾದ್ಯದ ಜೊತೆ ಕೇಳಿಬಂದ ಆ ಸದ್ದಿಗೆ ಪುರೋಹಿತರು ಮಂತ್ರವನ್ನೇ ಮರೆತರು. ಮಂಟಪದ ಮಾಲೀಕರು ಓಡಿ ಬಂದರು. ಬೈಯುತ್ತಾರೆಂದು ನಾವು ಕಾದರೆ, ಅವರು ಒಡೆದ ಹೆಂಚಿನ ಚೂರೊಂದನ್ನು ಆರಿಸಿಕೊಂಡು ಅದರ ಮೇಲೆ ಮಾವನ ಸಹಿ ಹಾಕಿಸಿಕೊಂಡು ಹೋದರು. ಗಂಡನ ಮನೆಯಲ್ಲಿ ನನ್ನನ್ನು ಇವತ್ತಿಗೂ ಯಾರೂ ಗದರುವುದಿಲ್ಲ. ಕಾರಣ ನನ್ನ ಗುಣವೆಂದು ನಾನಂತೂ ತಿಳಿದಿಲ್ಲ.

ಆದರೆ ಮಂಡಿಗೆ ಅಭಿಮಾನಿಗಳ ಲೆಕ್ಕ ಗೊತ್ತಾಗುತ್ತದೆಯೇ? ಅರವತ್ತು ದಾಟಿದ ಮೇಲೆ ಒಮ್ಮೆ ನೆಲಮಂಗಲದ ಗೋದಾಮಿನಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗ ಮೂಟೆಗಳ ಮೇಲಿಂದ ಹಾರಿ ಒದೆಯಲು ಹೋದ ಮಾವನಿಗೆ ಮತ್ತೆ ಏಳಲು ಇಬ್ಬರ ಹೆಗಲು ಬೇಕಾಯಿತು. ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದರು. ಮನೆಗೆ ಬಂದ ಮಾವ ಅತ್ತೆಗೆ ವರದಿ ಒಪ್ಪಿಸಿದರು: "ಮೆಟ್ಲು ಹತ್ಬೇಡಿ ಅಂದವ್ರೆ ಕಣೆ. ಗೋಡೆ ಹತ್ಬೇಡಿ ಅಂತ ಏನೂ ಅನ್ಲಿಲ್ಲ."

ಫೈಟು ಬಿಡಿಸಿದ್ದು ಡಾಕ್ಟರಲ್ಲ. ಚಿತ್ರತಂಡದವರು ಗೋದಾಮಿನ ಆ ದೃಶ್ಯವನ್ನು ಹುಡುಗನೊಬ್ಬನಿಂದ ಮಾಡಿಸಿ, ಕಂಪ್ಯೂಟರಿನಲ್ಲಿ ಅವನ ಮೈಗೆ ಮಾವನ ಮುಖ ಅಂಟಿಸಿದರು. ಚಿತ್ರ ಬಂದಾಗ ಊರವರು ಎಂದಿನಂತೆ ಸಿಳ್ಳೆ ಹೊಡೆದರು, ಹೊರಗೆ ಬಂದ ಮಾವನನ್ನು ಹೆಗಲ ಮೇಲೆ ಎತ್ತಿಕೊಂಡರು. ಮಾವ ಮಾತ್ರ ಮನೆಗೆ ಬಂದು ಜಗುಲಿಯ ಮೇಲೆ ಕುಳಿತವರು ಕಾಫಿ ಆರಿ ತಣ್ಣಗಾದರೂ ಲೋಟ ಮುಟ್ಟಲಿಲ್ಲ. ನಾನು ಏನಾಯಿತೆಂದು ಕೇಳಿದೆ.

"ಆ ಒದೆ ನಂದಲ್ಲ ಕಣಮ್ಮ. ಚಪ್ಪಾಳೆ ಹೆಂಗೆ ಇಸ್ಕೊಳ್ಳಲಿ?" ಎಂದರು.

ಅಂದಿನಿಂದ ಫೈಟು ಬಿಟ್ಟರು. ಕರೆದವರಿಗೆಲ್ಲ ಕೈಮುಗಿದು ಇಲ್ಲವೆಂದರು. ತಾನಾಗಿ ಬಂದ ಹೀರೋ ಪಾತ್ರವನ್ನೆಲ್ಲ ಬೇಡವೆನ್ನುವ ಗಂಡಸನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ, ಅವರು ನಮ್ಮ ಮಾವ!

ಕೆಲವು ತಿಂಗಳಾದ ಮೇಲೆ ಒಬ್ಬ ಯುವ ನಿರ್ದೇಶಕಿ ಮನೆ ಹುಡುಕಿಕೊಂಡು ಬಂದಳು. ಅವಳ ಕಥೆಯಲ್ಲಿ ಒಬ್ಬ ಮುದಿ ನೇಕಾರನಿದ್ದ. ಆಸ್ತಿಯ ಜಗಳದಲ್ಲಿ ಮಗ ಅವನ ಕೆನ್ನೆಗೆ ಹೊಡೆಯುತ್ತಾನೆ, ಅವನು ಕೈ ಎತ್ತುವುದಿಲ್ಲ. ಅಷ್ಟೇ ಪಾತ್ರ. ಅತ್ತೆ ಗಾಬರಿಯಿಂದ ಮಾವನ ಮುಖ ನೋಡಿದರು. ಮಾವ ತಕ್ಷಣ ಒಪ್ಪಿಕೊಂಡರು. ನೇಯ್ಗೆಯವರ ಮಗನಾಗಿ ಒಂದು ಸಲವೂ ನೇಕಾರನ ಪಾತ್ರ ಮಾಡಿಲ್ಲ ಎಂಬ ಕೊರಗು ಅವರಲ್ಲಿತ್ತೆಂದು ನಮಗೆ ಗೊತ್ತಾದದ್ದೇ ಆಗ.

ಚಿತ್ರೀಕರಣ ದೊಡ್ಡಬೆಳವಂಗಲದ ಬಳಿ ಒಂದು ಹಳೆಯ ಮನೆಯ ಅಂಗಳದಲ್ಲಿ. ನಾನೂ ಅತ್ತೆಯೂ ನೋಡಲು ಹೋಗಿದ್ದೆವು. ಮಗನ ಪಾತ್ರದ ನಟ ಹೊಸಕೋಟೆಯವನು, ಚಿಕ್ಕಂದಿನಿಂದ ಮಾವನ ಚಿತ್ರ ನೋಡಿಯೇ ಬೆಳೆದವನು. ಬಂದವನೇ ಮಾವನ ಕಾಲಿಗೆ ಬಿದ್ದು, "ಸರ್, ನಿಮ್ ಮೇಲೆ ಕೈ ಮಾಡಿದ್ರೆ ನಮ್ಮಮ್ಮ ಮನೆಗೇ ಸೇರಿಸಲ್ಲ" ಎಂದ. ಮಾವ ಬೆನ್ನು ತಟ್ಟಿ, ಧೈರ್ಯವಾಗಿ ಹೊಡೆಯೆಂದರು. ಕ್ಯಾಮೆರಾ ಹತ್ತಿರವಿದ್ದುದರಿಂದ ಏಟು ನಿಜವಾಗಿ ಕೆನ್ನೆಗೆ ತಾಗಬೇಕಿತ್ತು.

ಅವನು ಕೈ ಬೀಸಿದ. ಮರುಕ್ಷಣ ಅವನು ಹುಲ್ಲಿನ ಮೆದೆಯಲ್ಲಿದ್ದ!

ಮಾವನ ತಪ್ಪಲ್ಲ. ಕಣ್ಣೆದುರು ಕೈ ಬಂದರೆ ತಡೆಯಬೇಕೆಂದು ಆ ಮೈಗೆ ನಲವತ್ತು ವರ್ಷದ ಪಾಠ. ಮತ್ತೊಮ್ಮೆ ಪ್ರಯತ್ನಿಸಿದರು, ಈ ಸಲ ಆ ನಟ ನೀರಿನ ತೊಟ್ಟಿಯಲ್ಲಿದ್ದ. ಮಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಆಗ ತಲೆ ತಾನಾಗಿ ಬಾಗಿ, ಏಟು ಕಂಬಕ್ಕೆ ಬಿತ್ತು. ಸುತ್ತ ನೆರೆದಿದ್ದ ಊರವರಿಗೆ ಹಬ್ಬವೋ ಹಬ್ಬ. ಒಬ್ಬ ಅಜ್ಜನಂತೂ, "ಇನ್ನೊಂದು ಬಿಡಪ್ಪಾ, ಸರಿಯಾಗ್ ಕಾಣ್ಲಿಲ್ಲ" ಎಂದು ಕೋಲೂರಿಕೊಂಡು ಮುಂದೆ ಬಂದ. ನಿರ್ದೇಶಕಿ ತಲೆಯ ಮೇಲೆ ಕೈ ಹೊತ್ತು ಊಟಕ್ಕೆ ಬಿಟ್ಟಳು.

ಮಾವ ಹೊಂಗೆಮರದ ಕೆಳಗೆ ಒಬ್ಬರೇ ಕುಳಿತರು. ಅವರ ಮುಖ ಅಷ್ಟು ಸಣ್ಣಗಾಗಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಖಳನಾಯಕನ ಗುಂಪಿನಲ್ಲಿದ್ದ ದಿನಗಳಲ್ಲಿ ಏಟು ಗೇಣುದ್ದ ದೂರದಲ್ಲೇ ನಿಲ್ಲುತ್ತಿತ್ತಂತೆ, ಬೀಳುವುದಷ್ಟೇ ಇವರ ಕೆಲಸವಂತೆ. ಹೊಡೆಸಿಕೊಳ್ಳುವುದು ತನಗೆ ಬರುವುದೇ ಇಲ್ಲವೇನೋ, ಈ ಹುಡುಗಿಯ ಚಿತ್ರ ತನ್ನಿಂದ ಕೆಟ್ಟಿತು ಎಂದು, ಹತ್ತಿರ ಹೋದ ನನ್ನ ಬಳಿ ಹೇಳಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು ಅದೇ ನಟನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಒದ್ದೆ ಬಟ್ಟೆಯಲ್ಲಿ ನಡುಗುತ್ತಿದ್ದ ಅವನಿಗೆ ತಮ್ಮ ಟವೆಲ್ ಹೊದಿಸಿದರು. ತಟ್ಟೆಯಲ್ಲಿ ಮುದ್ದೆಯನ್ನು ಹಾಗೇ ಬಿಟ್ಟಿದ್ದನೆಂದು ತಾವೇ ಮುರಿದು, ಸಾರಿನಲ್ಲಿ ಅದ್ದಿ ಕೊಟ್ಟರು. ಅವನ ಅಮ್ಮನ ಬಗ್ಗೆ, ಇಲ್ಲವಾದ ಅಪ್ಪನ ಬಗ್ಗೆ ವಿಚಾರಿಸಿದರು. ಆ ಹೊತ್ತಿನಲ್ಲಿ ಅವರಿಬ್ಬರೂ ಮಾಡಿದ್ದು ಅಷ್ಟೇ: ಊಟ, ಮಾತು.

ಬಿಸಿಲು ಇಳಿದ ಮೇಲೆ ಕ್ಯಾಮೆರಾ ಮತ್ತೆ ಓಡಿತು. ಅವನು ಹೊಡೆದ. ಮಾವನ ಕೈ ಏಳಲಿಲ್ಲ, ರೆಪ್ಪೆಯೂ ಅಲುಗಲಿಲ್ಲ. ಮಾವ ನಿಧಾನವಾಗಿ ಅವನ ಆ ಕೈಯನ್ನು ಹಿಡಿದುಕೊಂಡು, ಅಂಗೈ ಸವರಿ, ಚಿತ್ರಕಥೆಯಲ್ಲಿ ಇಲ್ಲದ ಒಂದು ಮಾತು ಕೇಳಿದರು.

"ಕೈ ನೋಯ್ತೇನೋ, ಮಗಾ?"

ಆ ನಟ ಅತ್ತದ್ದು ನಟನೆಯಲ್ಲ. ನಿರ್ದೇಶಕಿ ಕಟ್ ಎನ್ನುವುದನ್ನು ಮರೆತಳು. ಇನ್ನೊಂದು ಬಿಡಪ್ಪಾ ಎಂದಿದ್ದ ಅಜ್ಜ ತಲೆಯ ಮೇಲಿನ ವಸ್ತ್ರ ತೆಗೆದು ಕಣ್ಣೊರೆಸಿಕೊಂಡ.

ಚಿತ್ರ ನಮ್ಮೂರಿಗೆ ಬಂದಾಗ ಮಾವ ಹೆದರಿದ್ದರು. ಸಿಳ್ಳೆ ಹೊಡೆಯಲು ಬಂದವರಿಗೆ ಏನಿದೆ ಇದರಲ್ಲಿ? ಏಟು ಬಿದ್ದಾಗ ಮುಂದಿನ ಸಾಲಿನಿಂದ ಒಬ್ಬ, "ಬಿಡಣ್ಣಾ ಒಂದು" ಎಂದು ಕೂಗಿದ್ದೂ ಹೌದು. ಆಮೇಲೆ ಆ ಮಾತು ಬಂತು. ಇಡೀ ಥಿಯೇಟರಿನಲ್ಲಿ ಫ್ಯಾನುಗಳ ಸದ್ದು ಮಾತ್ರ ಕೇಳಿಸಿತು. ಎಂಥೆಂಥ ಹೊಡೆದಾಟಗಳಿಗೆ ಕುಣಿದಿದ್ದ ನಮ್ಮೂರು, ನಮ್ಮ ಮಾವನ ಒಂದು ಪಿಸುಮಾತಿಗೆ ಉಸಿರು ಹಿಡಿದು ಕುಳಿತಿತ್ತು. ನನ್ನ ಎದೆ ಎಷ್ಟು ಉಬ್ಬಿತೆಂದು ಹೇಗೆ ಹೇಳಲಿ?

ಚಿತ್ರ ಮುಗಿದು ಜನ ಎದ್ದರು. ಮಾವನೂ ಎದ್ದರು. ಅತ್ತೆ ಏಳಲಿಲ್ಲ.

ಮದುವೆಯಾದಾಗಿನಿಂದ ಗಂಡನ ಒಂದು ಚಿತ್ರವನ್ನೂ ಅತ್ತೆ ಬಿಟ್ಟವರಲ್ಲ. ಆದರೆ ಎಲ್ಲಿ ಕೈಕಾಲು ಮುರಿಯುವುದನ್ನು ನೋಡಬೇಕಾಗುವುದೋ ಎಂದು, ಪ್ರತಿಯೊಂದನ್ನೂ ಕಣ್ಣು ಮುಚ್ಚಿಕೊಂಡೇ ಕೂತು ಮುಗಿಸಿದ್ದರಂತೆ. ಅದನ್ನು ಅವರು ಅಂದು ಮೊದಲ ಸಲ ಬಾಯಿಬಿಟ್ಟು ಹೇಳಿದರು.

"ಇದನ್ನ ಪೂರ್ತಿ ನೋಡ್ದೆ ಕಣ್ರೀ," ಎಂದರು ಅತ್ತೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಕೂತ್ಕೊಳ್ಳಿ. ಮುಂದಿನ ಆಟಾನೂ ನೋಡೋಣ."

ಮಾವ ಕುಳಿತುಕೊಂಡರು.