ಘಾನಾ ಹುಡುಗನಿಗೆ ಮೈಸೂರು ಪೇಟ

ದೋಹಾದ ಫುಟ್‌ಬಾಲ್ ಕ್ಲಬ್ಬೊಂದರಲ್ಲಿ ನನಗೆ ಕೆಲಸ ಎಂದರೆ ಮೈಸೂರಿನ ನೆಂಟರು ನನ್ನ ಹೊಟ್ಟೆ ನೋಡಿ ನಗುತ್ತಾರೆ. ನಾನು ಚೆಂಡು ಮುಟ್ಟುವವನಲ್ಲ, ಆಟಗಾರರ ವೀಸಾ, ಮನೆ, ಟಿಕೆಟ್ಟು ನೋಡಿಕೊಳ್ಳುವವನು. ನಮ್ಮದು ಎರಡನೇ ದರ್ಜೆಯ ಕ್ಲಬ್ಬು. ಅವಾಂತರಗಳು ಮಾತ್ರ ಮೊದಲ ದರ್ಜೆಯವು, ವಾರಕ್ಕೊಂದು ತಪ್ಪುವುದಿಲ್ಲ. ಕಳೆದ ಸೀಸನ್ನಿನವೆಲ್ಲ ಒಬ್ಬನೇ ಹುಡುಗನ ಸುತ್ತ ನಡೆದವು. ಘಾನಾದ ಕುಮಾಸಿಯಿಂದ ಬಂದ ಫಾರ್ವರ್ಡ್ ಅವನು, ಗೋಲು ಹೊಡೆಯಲೆಂದೇ ಕರೆಸಿದವನು. ಸೀಸನ್ ಮುಗಿಯುವುದರೊಳಗೆ ಒಂದಾದರೂ ಗೋಲು ಹೊಡೆದರೆ ಒಪ್ಪಂದ ಮುಂದುವರಿಯುತ್ತದೆ, ಇಲ್ಲದಿದ್ದರೆ ಊರಿಗೆ ವಾಪಸು. ಆ ಟಿಕೆಟ್ಟು ಮಾಡಿಸಬೇಕಾದವನು ನಾನೇ.

ಏಜೆಂಟನ ವಿಡಿಯೊ

ನಮ್ಮ ಮ್ಯಾನೇಜರು ಹುಡುಗನನ್ನು ಆರಿಸಿದ್ದು ಏಜೆಂಟ್ ವಾಟ್ಸಾಪಿನಲ್ಲಿ ಕಳಿಸಿದ ವಿಡಿಯೊ ನೋಡಿ. ಅದರಲ್ಲಿ ಹುಡುಗ ಎಲ್ಲಿಂದ ಒದ್ದರೂ ಗೋಲು. ಅವನು ಬಂದ ದಿನ ಮ್ಯಾನೇಜರು ಎಲ್ಲರನ್ನೂ ಕೂರಿಸಿ, ಕರಕ್ ಚಹಾ ತರಿಸಿ, ಆ ವಿಡಿಯೊವನ್ನು ದೊಡ್ಡ ಪರದೆಯ ಮೇಲೆ ಹಾಕಿದರು. ಹುಡುಗ ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲ. ಎದ್ದು ನಿಂತು, ಆ ಗೋಲ್‌ಕೀಪರು ಏಜೆಂಟರ ತಮ್ಮ, ವೃತ್ತಿಯಲ್ಲಿ ಟೈಲರು ಎಂದು ವಿನಯದಿಂದಲೇ ತಿಳಿಸಿದ. ಎಲ್ಲರೂ ಚಹಾದ ಲೋಟದ ಹಿಂದೆ ನಗು ಬಚ್ಚಿಟ್ಟುಕೊಂಡರು. ಮ್ಯಾನೇಜರು ಮಾತ್ರ, ಟೈಲರಾದರೇನು, ಗೋಲು ಗೋಲೇ ಎಂದು ಮೀಸೆ ಮಣ್ಣಾಗದಂತೆ ನೋಡಿಕೊಂಡರು.

ಮರುವಾರ ಅದೇ ಏಜೆಂಟನಿಂದ ಇನ್ನೊಂದು ವಿಡಿಯೊ ಬಂತು. ಅದರಲ್ಲಿ ಟೈಲರು ಎಲ್ಲ ಚೆಂಡುಗಳನ್ನೂ ಹಾರಿ ಹಾರಿ ಹಿಡಿಯುತ್ತಿದ್ದ. ಈ ಸಲ ಮಾರಾಟಕ್ಕಿದ್ದದ್ದು ಅವನೇ.

ಹುಡುಗನಿಗೆ ಎಷ್ಟು ವಯಸ್ಸು

ಪಾಸ್‌ಪೋರ್ಟಿನ ಪ್ರಕಾರ ಅವನಿಗೆ ಹತ್ತೊಂಬತ್ತು. ಮೀಸೆ ದಟ್ಟವಾಗಿತ್ತು, ಅಷ್ಟು ಸಾಕಾಯಿತು. ಈ ಆಫ್ರಿಕಾದವರು ವಯಸ್ಸು ಕದಿಯುತ್ತಾರೆ ಎಂದು ಕೋಚ್ ಗೊಣಗಿದರು. ನಮ್ಮ ಆಫೀಸಿನ ಕರ್ನಾಟಕದವರೂ ಹೌದು ಹೌದು ಎಂದು ತಲೆಯಾಡಿಸಿದರು. ನನಗೆ ಮೈ ಉರಿಯಿತು. ಯಾಕೆಂದರೆ ಆಫೀಸಿನಲ್ಲಿ ನಾವು ಕರ್ನಾಟಕದವರು ನಾಲ್ವರು, ನಾಲ್ವರೂ ಹುಟ್ಟಿದ್ದು ಜೂನ್ ಒಂದನೇ ತಾರೀಖು! ಶಾಲೆಗೆ ಸೇರಿಸುವಾಗ ವಯಸ್ಸು ಸರಿಹೊಂದಲಿ ಎಂದು ನಮ್ಮ ನಮ್ಮ ಹೆಡ್‌ಮಾಸ್ತರರು ಬರೆದುಕೊಂಡ ಜನ್ಮದಿನ ಅದು. ನಾನು ಹುಟ್ಟಿದ್ದು ದಸರಾ ರಜೆಯಲ್ಲಿ ಎಂದು ನಮ್ಮಮ್ಮ ಈಗಲೂ ಹೇಳುತ್ತಾರೆ. ಮ್ಯಾನೇಜರು ಮಾತ್ರ ವರ್ಷವರ್ಷವೂ ನಮಗೆಲ್ಲ ಒಂದೇ ಕೇಕು ತರಿಸಿ, ಏನು ಯೋಗಾಯೋಗ ಎಂದು ಬೆರಗಾಗುತ್ತಾರೆ.

ಹುಡುಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿದ್ದಾಯಿತು. ಡಾಕ್ಟರು ನೋಡಿ, ಹತ್ತೊಂಬತ್ತೇ, ಅನುಮಾನ ಬೇಡ ಎಂದರು. ನಾನು ಧನ್ಯವಾದ ಹೇಳುವಷ್ಟರಲ್ಲಿ, ಯಂತ್ರ ಹೇಗೂ ಬಿಸಿಯಾಗಿದೆ, ನಿಮ್ಮದೂ ಒಂದು ನೋಡಿಬಿಡೋಣವೇ ಎಂದು ತಮಾಷೆ ಮಾಡಿದರು. ಆಸ್ಪತ್ರೆಯ ಬಾಗಿಲು ದಾಟುವವರೆಗೂ ನಾನು ಜೇಬಿನಿಂದ ಕೈ ತೆಗೆಯಲಿಲ್ಲ.

ಮೊದಲ ಪಂದ್ಯ

ಅವನ ಜಾಗದಲ್ಲಿ ಆಡುತ್ತಿದ್ದವನು ಕ್ಲಬ್ಬಿನ ಯಜಮಾನರ ಸೋದರಳಿಯ. ಓಡಿದರೆ ಕ್ರಾಪು ಕೆಡುತ್ತದೆಂದು ನಡೆದೇ ಆಡುವವನು. ಅವನನ್ನು ಹೊರಗೆ ಕೂರಿಸಿದರೆ ತಾವೂ ಹೊರಗೆ ಎಂದು ಕೋಚ್‌ಗೆ ಗೊತ್ತು. ಹೀಗಾಗಿ ತಿಂಗಳುಗಟ್ಟಲೆ ಹುಡುಗ ಬೆಂಚು ಕಾಯ್ದ. ಕೊನೆಗೊಂದು ದಿನ, ಪಂದ್ಯ ಪೂರ್ತಿ ಕೈತಪ್ಪಿದ ಮೇಲೆ ಅವನನ್ನು ಇಳಿಸಿದರು. ಚೆಂಡು ಅವನತ್ತ ಬರುವ ಮೊದಲೇ ರೆಫರಿ ಸೀಟಿ ಊದಿದರು, ಖಲಾಸ್.

ಅಲ್ ಅಜೀಜಿಯಾದ ಅವನ ಮನೆಗೆ ಬಿಡಲು ಹೋಗುವಾಗ ಕಾರಿನಲ್ಲಿ ತಾಯಿಯ ಫೋನು ಬಂತು. ಏನೇನೋ ಹೇಳಿ ಇಟ್ಟ. ಏನಂದೆಯಪ್ಪಾ ಎಂದು ಕೇಳಿದೆ.

"ನಿಜವನ್ನೇ ಹೇಳಿದೆ ಬಾಸ್. ಎದುರಾಳಿಗಳಲ್ಲಿ ಒಬ್ಬನಿಗೂ ನನ್ನ ಕಾಲಿನಿಂದ ಚೆಂಡು ಕಿತ್ತುಕೊಳ್ಳಲು ಆಗಲಿಲ್ಲ ಅಂತ."

ಐದೇ ನಿಮಿಷದ ಸನ್ಮಾನ

ಇನ್ನು ಎರಡೇ ಪಂದ್ಯ ಉಳಿದಿದ್ದಾಗ ಸೋದರಳಿಯ ತನ್ನ ಎತ್ತರದ ಕಾರಿನಿಂದ ಇಳಿಯುವಾಗ ಕಾಲು ಉಳುಕಿಸಿಕೊಂಡ. ಹುಡುಗನಿಗೆ ಜಾಗ ಸಿಕ್ಕಿತು. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ನಮ್ಮ ಕನ್ನಡಿಗರ ಬಳಗದ ಅಧ್ಯಕ್ಷರು. ನಮ್ಮವರಿಗೆ ಯಾರನ್ನಾದರೂ ಹಿಡಿದು ಸನ್ಮಾನ ಮಾಡದಿದ್ದರೆ ತಿಂದದ್ದು ಅರಗುವುದಿಲ್ಲ. ವಿದೇಶಿ ಆಟಗಾರ ಸಿಕ್ಕರೆ ಬಿಟ್ಟಾರೆಯೇ? ಪಂದ್ಯದ ಶುಕ್ರವಾರವೇ ಹುಡುಗ ಬೇಕೆಂದು ಪಟ್ಟು ಹಿಡಿದರು.

"ಐದೇ ನಿಮಿಷ ಸಾರ್. ಶಾಲು ಹೊದಿಸಿ ಕಳಿಸ್ಬಿಡ್ತೀವಿ," ಎಂದರು.

ಮಧ್ಯಾಹ್ನ ಅಲ್ ಮನ್ಸೂರಾದ ಹೋಟೆಲಿನ ಮಹಡಿಗೆ ಕರೆದುಕೊಂಡು ಹೋದೆ. ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಆಮೇಲೆ ಪ್ರಾರ್ಥನೆ, ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ. ಒಂದೂ ಗೋಲು ಹೊಡೆಯದವನನ್ನು "ಗೋಲುಗಳ ಸರದಾರ" ಎಂದು ಪರಿಚಯಿಸಿದರು. ನಾನು ಗಡಿಯಾರ ತೋರಿಸಿದಾಗಲೆಲ್ಲ ಅಧ್ಯಕ್ಷರು ನನಗೆ ಕೈಮುಗಿದು ಭಾಷಣ ಮುಂದುವರಿಸುತ್ತಿದ್ದರು. ಹುಡುಗ ಮಾತ್ರ ಕದಲಲಿಲ್ಲ. ಅವನ ಊರಿನಲ್ಲೂ ಹಿರಿಯರು ಮಾತಾಡುವಾಗ ಎದ್ದು ಹೋಗುವಂತಿಲ್ಲವಂತೆ. ನಾವು ಮೈದಾನ ಮುಟ್ಟಿದಾಗ ಪಂದ್ಯ ಅರ್ಧ ಮುಗಿದಿತ್ತು. ಕೋಚ್ ಅವನ ಮುಖ ಕೂಡ ನೋಡಲಿಲ್ಲ.

ವಾಪಸು ಹೋಗುವಾಗ ನನಗೆ ಅಳುವೇ ಬರುವಂತಾಗಿತ್ತು. ಉಳಿದದ್ದು ಒಂದೇ ಪಂದ್ಯ, ಅದೂ ಇಲ್ಲಿನ ಅತಿ ಗಟ್ಟಿ ಗೋಲ್‌ಕೀಪರಿದ್ದ ತಂಡದ ಜೊತೆ. ನನ್ನದೇ ತಪ್ಪು, ಕ್ಷಮಿಸಪ್ಪಾ ಎಂದೆ. ಅವನು ಮಡಿಲಲ್ಲಿದ್ದ ಪೇಟವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

"ಬಾಸ್, ಆ ಗೋಲ್‌ಕೀಪರು ದೊಡ್ಡ ಆಟಗಾರರು. ಅವರಿಗೆ ನಿಮ್ಮವರು ಇನ್ನೂ ಯಾಕೆ ಈ ಗೌರವ ಕೊಟ್ಟಿಲ್ಲ?"

ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಅಲ್ಲಿಂದಲೇ ಅಧ್ಯಕ್ಷರಿಗೆ ಫೋನ್ ಮಾಡಿದೆ. ಅವರಿಗೆ ಹಿಡಿಸಲಾರದಷ್ಟು ಖುಷಿ. ಫೋಟೊ ಎಂದರೆ ಪ್ರಾಣ ಬಿಡುವ ಗೋಲ್‌ಕೀಪರಿಗೂ ಅಷ್ಟೇ ಖುಷಿ.

ಮುಂದಿನ ಶುಕ್ರವಾರ ಆ ತಂಡದವರು ಗತಿಯಿಲ್ಲದೆ ಇನ್ನೊಬ್ಬನನ್ನು ಗೋಲಿಗೆ ನಿಲ್ಲಿಸಿದರು. ಸೋದರಳಿಯನ ಕಾಲು ಇನ್ನೂ ವಾಸಿಯಾಗದ್ದರಿಂದ ನಮ್ಮ ಕೋಚ್‌ಗೂ ಹುಡುಗನನ್ನು ಇಳಿಸದೆ ಗತಿಯಿರಲಿಲ್ಲ. ಅರ್ಧ ಪಂದ್ಯದೊಳಗೆ ಅವನು ಎರಡು ಗೋಲು ಹೊಡೆದ. ವಿರಾಮದಲ್ಲಿ ಮ್ಯಾನೇಜರು ನನ್ನನ್ನು ಕರೆದು, ಹುಡುಗನ ಹೊಸ ಒಪ್ಪಂದ ಸಿದ್ಧ ಮಾಡಿಸು, ಯಲ್ಲಾ, ಬೇಗ ಬೇಗ ಎಂದರು. ಅದೇ ಹೊತ್ತಿಗೆ ಅಲ್ ಮನ್ಸೂರಾದಲ್ಲಿ ಗೋಲ್‌ಕೀಪರು ಕೊರಳಿಗೆ ಹಾರ ಹಾಕಿಸಿಕೊಂಡು ಉಪಾಧ್ಯಕ್ಷರ ಭಾಷಣ ಕೇಳುತ್ತ ಕುಳಿತಿದ್ದರು. ಅಧ್ಯಕ್ಷರದು ಇನ್ನೂ ಬಾಕಿಯಿತ್ತು.