ನಾನು ಜನರೇಟರ್ ತೂಗಿ ತಂದದ್ದು

ನನಗೆ ಟೋಪಿ ಹಾಕುವವನು ಇನ್ನೂ ಹುಟ್ಟಿಲ್ಲ! ಹುಟ್ಟಿದ್ದರೂ ನಾವಿರುವ ಕಾಮೋಠೆಯ ಕಡೆ ಸುಳಿದಿಲ್ಲ. ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಇಪ್ಪತ್ತೆರಡು ವರ್ಷ ತೂಕದ ಕಾಟಾದ ಪಕ್ಕ ನಿಂತು ತಲೆ ಬೆಳ್ಳಗೆ ಮಾಡಿಕೊಂಡವನು ಈ ಪ್ರಭಣ್ಣ. ಲಾರಿ ತೂಗುವ ಮೊದಲು ಡ್ರೈವರನನ್ನೂ ಅವನ ಊಟದ ಡಬ್ಬಿಯನ್ನೂ ಕೆಳಗಿಳಿಸುತ್ತೇನೆ. ಮನೆಯಲ್ಲೂ ಅದೇ ಶಿಸ್ತು. ಗ್ಯಾಸ್ ಸಿಲಿಂಡರ್ ತೂಗದೆ ಒಳಗೆ ಬರುವಂತಿಲ್ಲ. ಮಗಳು ನೇತ್ರಾಳ ಹುಟ್ಟುಹಬ್ಬದ ಕೇಕನ್ನು ತೂಗಿ ನೋಡಿದ್ದಕ್ಕೆ ಅವಳು ಎರಡು ದಿನ ಮಾತು ಬಿಟ್ಟಿದ್ದಳು. ಇರಲಿ, ನಲವತ್ತು ಗ್ರಾಂ ಕಡಿಮೆ ಇದ್ದದ್ದಂತೂ ನಿಜ!

ಹೀಗಿರುವಾಗ ನಮ್ಮ ಮನೆಗೆ ಜನರೇಟರ್ ತರುವ ಪ್ರಸಂಗ ಬಂತು. ನನ್ನ ಹೆಂಡತಿ ಜಯಲತಾ ಶೇಂಗಾ ಹೋಳಿಗೆ ಮಾಡಿ ಸುತ್ತಲಿನ ಕನ್ನಡದ ಮನೆಗಳಿಗೆ ಕೊಡುತ್ತಾಳೆ. ನಮ್ಮ ಕಡೆ ರಿಪೇರಿಯ ನೆಪದಲ್ಲಿ ಶುಕ್ರವಾರ ಕರೆಂಟು ಹೋಗುತ್ತದೆ. ಒಂದು ಶುಕ್ರವಾರ ಮಿಕ್ಸರ್ ನಿಂತು, ಹೂರಣ ಅರ್ಧಕ್ಕೇ ಉಳಿದು, ಆರ್ಡರ್ ಕೈತಪ್ಪಿತು.

"ಮುಂದಿನ ಶುಕ್ರವಾರ ಖಾರಘರದಾಗ ನಳಿನಾಕ್ಷಿ ಅವರ ಮೊಮ್ಮಗಳ ಹೆಸರಿಡೋ ಕಾರ್ಯಕ್ರಮ ಐತಿ. ನೂರೈವತ್ತು ಹೋಳಿಗಿ, ಸಂಜೀ ನಾಕಕ್ಕ ಮುಟ್ಟಿಸಬೇಕು. ಇದೂ ತಪ್ಪಿತಂದ್ರ ನನಗ ಇನ್ನ ಯಾರೂ ಕೇಳಂಗಿಲ್ಲ. ಜನರೇಟರ್ ತರ್ರಿ" ಎಂದಳು.

ಜನರೇಟರ್ ಅಂಗಡಿಯ ಶಂಭು ನಮ್ಮ ವಿಜಯಪುರದ ಕಡೆಯವನೇ. ಊರಿನವನಾದ್ದರಿಂದ ನನ್ನ ಸಂಶಯ ಇಮ್ಮಡಿಯಾಯಿತು.

"ಸಾಹೇಬ್ರ, ಮನ್ಯಾಗ ಏನೇನು ಐತಿ, ಪಟ್ಟಿ ಕೊಡ್ರಿ. ಫ್ರಿಜ್ಜು, ಮಿಕ್ಸರು ಶುರು ಆಗೋ ಮುಂದ ಮೂರು ಪಟ್ಟು ಎಳೀತಾವು. ಗೀಝರ್ ಐತೇನು?"

ಹಾ! ಗೀಝರ್ ಇದೆ ಎಂದೊಡನೆ ದೊಡ್ಡದನ್ನು ಕಟ್ಟುವ ಹುನ್ನಾರ!

"ಇಲ್ಲ" ಎಂದೆ. ಇದು ಪೂರ್ತಿ ಸುಳ್ಳಲ್ಲ. ಚಳಿಗಾಲದ ಬಿಲ್ಲು ನೋಡಿ ನಾನೇ ಮನೆಯಲ್ಲಿ ಗೀಝರ್ ಬಳಕೆಯನ್ನು ನಿಷೇಧಿಸಿದ್ದೆ. ಹೆಂಡತಿ, ಮಗಳು ಗ್ಯಾಸಿನ ಮೇಲೆ ನೀರು ಕಾಯಿಸಿಕೊಳ್ಳುತ್ತಾರೆ. ನಾನಾದರೋ ತಣ್ಣೀರಿನ ಮಹಾಯೋಗಿ! ಬಚ್ಚಲಲ್ಲಿ ನಾನು "ಹುಹುಹು, ಶಿವ ಶಿವಾ" ಎಂದು ನಡುಗುವ ಸದ್ದು ಬೀದಿಗೆ ಕೇಳುತ್ತದೆ.

"ಯಾವುದಕ್ಕೂ ಐದು ಕೆವಿಎದ್ದು ತಗೋರಿ" ಎಂದ ಶಂಭು.

"ಮೂರು ಪಟ್ಟು ಎಳೀತಾವಂತ! ಹಸದಾವ ಮೊದಲನೇ ತುತ್ತಿಗೇ ಮೂರು ಗಂಗಾಳ ಉಣ್ತಾನೇನೋ?" ಎಂದು ಎದ್ದು ಬಂದೆ.

ಮನೆಯಲ್ಲಿ ನಾನೇ ವಿಚಾರಣಾ ಆಯೋಗ ನೇಮಿಸಿ, ನಾನೇ ಅಧ್ಯಕ್ಷನಾದೆ. ಒಂದೊಂದು ಯಂತ್ರವನ್ನೂ ಮಗುಚಿ, ಬೆನ್ನಿನ ಮೇಲಿನ ವ್ಯಾಟ್ ಓದಿ ಬರೆದುಕೊಂಡೆ. ನೇತ್ರಾಳ ಕೂದಲು ಒಣಗಿಸುವ ಯಂತ್ರ ಸಾವಿರದ ಇನ್ನೂರು ವ್ಯಾಟ್!

"ಇದನ್ನ ನನ್ನಿಂದ ಮುಚ್ಚಿಟ್ಟಿದ್ದೆಲ್ಲ?"

"ಪಪ್ಪಾ, ಆಪ್ ಪುಲೀಸ್ ಹೋ ಕ್ಯಾ?" ಎಂದಳು.

ಅದನ್ನು ಪಟ್ಟಿಯಿಂದ ಗಡೀಪಾರು ಮಾಡಿ ಎರಡು ಕೆವಿಎ, ಅಂದರೆ ಹೆಚ್ಚೆಂದರೆ ಎರಡು ಸಾವಿರ ವ್ಯಾಟ್, ಸಾಕೆಂದು ತೀರ್ಪಿತ್ತೆ. ಶಂಭು ತಲೆ ಕೆರೆದುಕೊಂಡು ಕೊಟ್ಟ. ನಾನು ಅದನ್ನು ನೇರ ನಮ್ಮ ಪೇಟೆಯ ಕಾಟಾಕ್ಕೆ ಒಯ್ದೆ. ಕಾಗದದಲ್ಲಿ ಮೂವತ್ತೆಂಟು ಕೆಜಿ. ಕಾಟಾದಲ್ಲಿ ಮೂವತ್ತೆಂಟು ಕೆಜಿ ಇನ್ನೂರು ಗ್ರಾಂ! ಶಂಭು ನನಗೇ ಇನ್ನೂರು ಗ್ರಾಂ ಹೆಚ್ಚು ಕೊಟ್ಟು ಸೋತಿದ್ದ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಕರೆಂಟು ಹೋಯಿತು. ಜೀವಮಾನದಲ್ಲಿ ಮೊದಲ ಸಲ ನಾನು ಚಪ್ಪಾಳೆ ತಟ್ಟಿದೆ! ಜಳಕವನ್ನೂ ಮಾಡದೆ ಓಡಿ ಜನರೇಟರಿನ ಹಗ್ಗ ಎಳೆದೆ. ದೀಪ ಹತ್ತಿತು. ಫ್ಯಾನು ಎರಡು ಸುತ್ತು ಬಂತು. ಆಮೇಲೆ ಯಂತ್ರ ಕೆಮ್ಮಿ ತಣ್ಣಗಾಯಿತು.

"ಫ್ರಿಜ್ಜು ಬಂದ್ ಮಾಡು!" ಎಂದೆ. ಮತ್ತೆ ಎಳೆದೆ, ಮತ್ತೆ ಕೆಮ್ಮಿತು. ಫ್ಯಾನು, ದೀಪ, ಟಿವಿ ಎಲ್ಲ ಆರಿಸಿ ಬರೀ ಮಿಕ್ಸರ್ ಉಳಿಸಿದೆ. ಆಗಲೂ ಸತ್ತಿತು! ಜಯಲತಾಳ ಮುಂದೆ ಹುರಿದ ಶೇಂಗಾ ಗುಡ್ಡವಾಗಿ ಕೂತಿತ್ತು. ಅವಳು ಗಡಿಯಾರ ನೋಡಿದಳು, ನನ್ನನ್ನು ನೋಡಿದಳು. ಎರಡನೆಯ ನೋಟ ಉದ್ದವಾಗಿತ್ತು.

ನನಗೆ ಥಟ್ಟನೆ ಹೊಳೆಯಿತು: ಯಾರೋ ನಮ್ಮ ಕರೆಂಟು ಕದಿಯುತ್ತಿದ್ದಾರೆ! ನಮ್ಮದು ಸಾಲುಮನೆ. ಗೋಡೆಯಾಚೆ ನಿವೃತ್ತ ಬ್ಯಾಂಕ್ ಕ್ಯಾಶಿಯರ್ ಗುರುಪಾದಪ್ಪ. ಜನರೇಟರ್ ಇಳಿಸುವಾಗ ಅವರು ಬಂದು "ಎಷ್ಟರದ್ದು?" ಎಂದು ಕೇಳಿದ್ದರು. ಯಾಕೆ ಕೇಳಬೇಕಿತ್ತು? ಗೋಡೆ ನೋಡಿದರೆ ನಮ್ಮ ಮನೆಯಿಂದ ಅವರ ಅಂಗಳಕ್ಕೆ ಒಂದು ಕಪ್ಪು ವಾಯರ್! ಜಯಲತಾ "ರೀ, ಬ್ಯಾಡ್ರಿ" ಅನ್ನುವುದರೊಳಗೆ ನಾನು ಅವರ ಅಂಗಳದಲ್ಲಿದ್ದೆ.

"ಇಷ್ಟು ವರ್ಷದ ನೆರೆ, ಹಿಂಗ ಮಾಡಬೌದೇನ್ರಿ?" ಎಂದು ವಾಯರ್ ಹಿಡಿದು ಜಗ್ಗಿದೆ. ಎರಡು ಬನಿಯನ್, ಒಂದು ಲುಂಗಿ ನನ್ನ ತಲೆಯ ಮೇಲೆ ಬಿದ್ದವು.

ಒಳಗೆ ಸೆಖೆಗೆ ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ ಗುರುಪಾದಪ್ಪ ಎದ್ದು ಬಂದರು. ಅವರ ಹೆಂಡತಿ ಮಹಾದೇವಕ್ಕ ಲುಂಗಿ ಎತ್ತಿಕೊಂಡು, "ಅದು ನಿಮ್ಮನಿ ಹಳೇ ಕೇಬಲ್ ಟಿವಿ ವಾಯರ್ ಐತೆಪಾ. ಏಳು ವರ್ಷದಿಂದ ಅದರ ಮ್ಯಾಲೆ ಅರಿವಿ ಒಣಗಿಸೀನಿ. ಬೇಕಾದ್ರ ಒಯ್ಯಿ" ಎಂದರು.

ಗುರುಪಾದಪ್ಪ ನನ್ನ ತಲೆಯ ಮೇಲಿನ ಬನಿಯನ್ ತೆಗೆದು, ಕೊಡವಿ, ಮಡಚಿಕೊಂಡರು. ಬೈಯಬಾರದಿತ್ತೇ? ಬೈದಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಹನ್ನೊಂದಾಯಿತು. ಜಯಲತಾ ತಾನೇ ಶಂಭುವಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಅಕ್ಕಾರ, ಗೀಝರ್ ನೋಡ್ರಿ" ಎಂದ.

"ಗೀಝರ್ ಪಟ್ಟಿಯೊಳಗ ಇಲ್ಲೋ!" ಎಂದು ನಾನು ಕೂಗಿದೆ.

"ಪಟ್ಟಿಯೊಳಗಿಲ್ಲ ಅಂದ್ರ ಗ್ವಾಡಿ ಮ್ಯಾಲೂ ಇಲ್ಲೇನ್ರಿ ಸಾಹೇಬ್ರ? ಒಮ್ಮೆ ಚಾಲೂ ಮಾಡ್ರಿ. ಎಲ್ಲೆರ ಕೆಂಪು ದೀಪ ಹತ್ತತೈತೇನು ನೋಡ್ರಿ."

ನಾನು ಹಗ್ಗ ಎಳೆದೆ. ಬಚ್ಚಲ ಬಾಗಿಲಿನಿಂದ ನೇತ್ರಾ ಕಿರುಚಿದಳು: "ಮಮ್ಮೀ! ಗೀಝರ್ ಚಾಲೂ ಹೈ!"

ಎರಡು ಸಾವಿರ ವ್ಯಾಟ್! ಒಂಬತ್ತಕ್ಕೆ ಐದು ನಿಮಿಷ ಇರುವಾಗ ಆ ಸ್ವಿಚ್ ಒತ್ತಿದ ಮಹಾಯೋಗಿ ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ದಿನವೂ ಗುಟ್ಟಾಗಿ ಒತ್ತುತ್ತಿದ್ದೆ. ಅವತ್ತು ಜನರೇಟರಿನ ಸಂಭ್ರಮದಲ್ಲಿ ಜಳಕವೂ ಮರೆತಿತ್ತು, ಸ್ವಿಚ್ಚೂ ಮರೆತಿತ್ತು.

ಜಯಲತಾ ಗೀಝರ್ ಆರಿಸಿ ಬಂದಳು. ಒಂದೇ ಮಾತು ಕೇಳಿದಳು.

"ದಿನಾ ಬಚ್ಚಲದಾಗ ಹುಹುಹು ಅಂತಿದ್ರೆಲ್ಲ, ಅದು ಎಷ್ಟು ವ್ಯಾಟಿಂದ್ರಿ?"

ಮಿಕ್ಸರ್ ಗರ್ರೆಂದಿತು. ಜನರೇಟರ್ ಕೆಮ್ಮಲಿಲ್ಲ. ಕೆಮ್ಮಿದವನು ನಾನು. ಹೂರಣವಾಯಿತು, ಕಣಕವಾಯಿತು, ಮಹಾದೇವಕ್ಕ ಕೂಡ ಲತ್ತುಗುಣಿ ಹಿಡಿದು ಬಂದು ಲಟ್ಟಿಸಲು ಕೂತರು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗಲೇ ಹೋಳಿಗೆ ನಳಿನಾಕ್ಷಿಯವರ ಮನೆ ಮುಟ್ಟಿದವು. ನನ್ನ ಎದೆಯ ಮೇಲಿನ ಕಬ್ಬಿಣ ಇಳಿಯಿತು.

ಸಂಜೆ ಜಯಲತಾ ನನ್ನ ಕೈಗೆ ಒಂದು ಡಬ್ಬಿ ಕೊಟ್ಟಳು. "ಗುರುಪಾದಪ್ಪ ಅವರಿಗೆ ಕೊಟ್ಟು, ತಪ್ಪಾತು ಅಂತ ಹೇಳಿ ಬರ್ರಿ."

ಗುರುಪಾದಪ್ಪ ಡಬ್ಬಿ ತೆಗೆದು, ನೋಟು ಎಣಿಸುವ ಹಾಗೆ ಒಂದೊಂದೇ ಹೋಳಿಗೆಯ ಅಂಚು ಎತ್ತಿದರು. ಕೊನೆಗೆ ಮತ್ತೊಮ್ಮೆ ಮೊದಲಿನಿಂದ ಎತ್ತಿದರು.

"ಪ್ರಭಣ್ಣಾ, ಜಯಲತಾ ಫೋನ್ ಮಾಡಿದ್ಲು. ಇಪ್ಪತ್ತು ಕಳಿಸೀನಿ, ಎಣಿಸಿ ತಗೋರಿ ಅಂದ್ಲು. ಇಲ್ಲಿ ಹತ್ತೊಂಬತ್ತೇ ಅದಾವಲ್ಲ?"

ಬಾಯ್ತುಂಬ ಇದ್ದ ಹೂರಣವನ್ನು ನಾನು ಗಬಕ್ಕನೆ ನುಂಗಿದೆ. ಗುರುಪಾದಪ್ಪ ಗೋಡೆಯ ಉದ್ದಕ್ಕೂ ಕಣ್ಣು ಹಾಯಿಸಿ, ತಣ್ಣಗೆ ಕೇಳಿದರು:

"ನಡುವ ಯಾರೆರ ವಾಯರ್ ಎಳದಾರೇನು, ನೋಡೂಣೇನ್ರಿ?"