ತವರಿಗೆ ಹೊರಟ ಟ್ರೆಡ್‌ಮಿಲ್

ನಮ್ಮ ಮನೆಗೆ ಹೊಸ ಸಾಮಾನು ಒಂಟಿಯಾಗಿ ಬಂದದ್ದಿಲ್ಲ. ಬರುವಾಗ ಒಂದು ಜಗಳವನ್ನೂ ಕರೆದುಕೊಂಡು ಬರುತ್ತದೆ. ಈ ಸಲ ಬಂದದ್ದು ಟ್ರೆಡ್‌ಮಿಲ್.

೧. ಓಣಿಯ ವಾಕಿಂಗ್

ಎರಡನೇ ಹೆರಿಗೆಯ ನಂತರ ನನ್ನ ಸೊಂಟ ಹಿಡಿದುಕೊಂಡಿತು. ದಿನಾ ಬಿರುಸಾಗಿ ನಡೆಯಿರಿ ಎಂದರು ಡಾಕ್ಟರಮ್ಮ. ಕೊಪ್ಪಳದ ಪಕ್ಕದ ನಮ್ಮ ಭಾಗ್ಯನಗರದಲ್ಲಿ ಹೆಂಗಸು ಸುಮ್ಮನೆ ನಡೆಯುವಂತಿಲ್ಲ. ಮೊದಲ ದಿನ ಮೂರು ಮನೆ ದಾಟುವಷ್ಟರಲ್ಲಿ ಎರಡು ಕಪ್ ಚಹಾ ಆಯಿತು. ಮರುದಿನ ಬಿರುಸಾಗಿ ಹೊರಟರೆ, ಪಕ್ಕದ ಮನೆಯಾಕೆ ಹಿಂದೆಯೇ ಓಡಿ ಬಂದು ಸತ್ತವರು ಯಾರು ಎಂದು ಕೇಳಿದಳು.

೨. ಲಿಂಬೆಹಣ್ಣು

ಹಾಗಾಗಿ ಮನೆಯೊಳಗೇ ನಡೆಯಲು ಮಷೀನು ತರಿಸಿದೆವು. ಡಬ್ಬಿಯ ಮೂಲೆ ಜಜ್ಜಿತ್ತು. ನಾನು ಓದಿದ್ದು ಹತ್ತನೇ ಕ್ಲಾಸು. ಸಾಕ್ಷಿ ಇಟ್ಟುಕೊಳ್ಳಬೇಕು ಅನ್ನುವುದಕ್ಕೆ ಅಷ್ಟು ಸಾಕು. ನಮ್ಮ ಮನೆಯವರ ಕೈಗೆ ಮೊಬೈಲು ಕೊಟ್ಟು, ಡಬ್ಬಿ ಬಿಚ್ಚುವುದನ್ನೆಲ್ಲ ವಿಡಿಯೋ ಮಾಡಿಸಿದೆ. ಒಳಗೆ ಮಷೀನಿನ ಒಂದು ಪಕ್ಕ ಉದ್ದಕ್ಕೂ ಸೀಳಿತ್ತು.

ಕಂಪನಿಗೆ ಫೋನ್ ಹಚ್ಚುವಷ್ಟರಲ್ಲಿ ಅತ್ತೆ ಆರತಿ ತಟ್ಟೆ ತಂದರು. "ಸೀಳಿದ್ರೇನಾತು, ಮನಿಗೆ ಬಂದೈತಲ್ಲ." ಕುಂಕುಮ, ಹಾರ, ಒಂದು ಕಾಯಿ, ಹೊಸ ಗಾಡಿಗೆ ಇಟ್ಟಂತೆ ಕೆಳಗೊಂದು ಲಿಂಬೆಹಣ್ಣು. ಮಷೀನು ಅದನ್ನು ದಾಟಲಿ ಎಂದು ಅತ್ತೆ ಭಾಳ ಹೊತ್ತು ಕಾದರು.

೩. ಆಟೋ ಮತ್ತು ರೈಲು

ನಮ್ಮ ಮನೆಯವರು ಕಂಪನಿಗೆ ಕಳಿಸಿದ್ದು ಹಾರ, ಒಡೆದ ಕಾಯಿ ಎಲ್ಲ ಕಾಣುವ ಫೋಟೊ. ಕಂಪನಿಯವನು ಫೋನಿನಲ್ಲಿ, ಕಾಯಿ ಒಡೆದಾಗಲೇ ಸೀಳಿದೆ, ಬದಲಿ ಸಿಗುವುದಿಲ್ಲ ಎಂದ.

"ಕಾಯಿ ಒಡದದ್ದು ಹೊಸ್ತಿಲ ಮ್ಯಾಲರಿ," ಎಂದೆ. "ಹೊಸ್ತಿಲು ಗಟ್ಟಿ ಐತಿ. ಡಬ್ಬಿ ಬಿಚ್ಚಿದ ವಿಡಿಯೋ ಕಳಸ್ತೀನಿ, ನೋಡ್ರಿ. ಆಮ್ಯಾಲೂ ಆಗಂಗಿಲ್ಲ ಅಂದ್ರ ಕೊಪ್ಪಳದ ಗ್ರಾಹಕರ ಆಯೋಗದಾಗ ಕೇಸ್ ಹಾಕ್ತೀನಿ. ಬರಾಕ ನನಗ ಆಟೋ ಸಾಕು, ನಿಮಗ ರೈಲ್ ಬೇಕು."

ವಿಡಿಯೋ ನೋಡಿದವನೇ ಹೊಸದು ಕಳಿಸಲು ಒಪ್ಪಿದ. ರೈಲಿಗಿಂತ ಅದೇ ಸಸ್ತಾ ಅನ್ನಿಸಿರಬೇಕು.

೪. ಉಡಿ

ಹೊಸದು ಬಂದದ್ದು ಶುಕ್ರವಾರ. ಹಳೆಯದನ್ನು ಕೊಡದೆ ಇದನ್ನು ಇಳಿಸುವುದಿಲ್ಲ ಎಂದ ಗಾಡಿಯವನು. ಕುಂಕುಮ ಹಚ್ಚಿದ ಲಕ್ಷ್ಮಿಯನ್ನು ಶುಕ್ರವಾರ ಹೊರಗೆ ಹಾಕುವುದಿಲ್ಲ ಎಂದರು ಅತ್ತೆ. ನನ್ನ ಸೊಂಟ ಇಬ್ಬರ ನಡುವೆ ಸಿಕ್ಕಿಬಿತ್ತು.

"ಹೊರಗ ಹಾಕೂದಲ್ರಿ ಅತ್ತಿ, ತವರಿಗೆ ಕಳಸೂದು," ಎಂದೆ.

ಅತ್ತೆ ಕರಗಿದರು. ಹೊಲಿಸದ ಜಂಪರ್ ಬಟ್ಟೆಯಲ್ಲಿ ಅಕ್ಕಿ, ಒಣಕೊಬ್ಬರಿ ಕಟ್ಟಿ, ತವರಿಗೆ ಹೊರಟ ಸೊಸೆಗೆ ತುಂಬುವಂತೆ ಮಷೀನಿಗೆ ಉಡಿ ತುಂಬಿದರು. ಗಾಡಿಯವನೂ ಚಪ್ಪಲಿ ಬಿಟ್ಟು ನಿಂತ.

ಗಾಡಿ ಹೋದ ಮೇಲೆ ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ವಾಪಸ್ ಕಳಸೂದು ಇಷ್ಟು ಸಲೀಸು ಅಂತ ಮೊದಲ ಗೊತ್ತಿದ್ರ..." ಎಂದರು.

ನಾನು ಹೊಸ ಮಷೀನು ಹತ್ತಿದೆ. "ಲಗ್ನದ ವಿಡಿಯೋ ಐತ್ರಿ ಅತ್ತಿ. ಅದರಾಗ ನನ್ನ ಸೊಂಟ ನೆಟ್ಟಗೈತಿ. ಡ್ಯಾಮೇಜ್ ಆಗಿದ್ದು ನಿಮ್ಮ ಮನಿಗೆ ಬಂದ ಮ್ಯಾಲ."